ಸೂಜಿ ನೋಡಬೇಡಿ, ಕೈ ನೋಡಿ: ಇನ್ನೊಬ್ಬರನ್ನು ನೋಡಿ ಕೆಲಸ ಕಲಿಯುವ ಬಗೆ

ಹೊಲಿಗೆ ಕಲಿಯಲು ಸೇರಿದ ನಾಲ್ಕನೇ ತಿಂಗಳಲ್ಲಿ ಮಾಸ್ಟರ್ ನನ್ನನ್ನು ತಮ್ಮ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, "ಕಾಲರ್ ಹೊಲಿಯೋದು ನೋಡ್ಕೊಮ್ಮಾ" ಅಂದರು. ಅಷ್ಟೇ. ಎಲ್ಲಿ ನೋಡಬೇಕು, ಏನನ್ನು ನೋಡಬೇಕು, ಒಂದೂ ಹೇಳಲಿಲ್ಲ. ನಾನು ಆರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಕಡಿಮೆ ಅಂದರೂ ಮೂವತ್ತು ಕಾಲರ್ ನನ್ನ ಕಣ್ಣ ಮುಂದೆ ಆಗಿಹೋದವು. ಏಳನೇ ದಿನ ಬಟ್ಟೆ ನನ್ನ ಕೈಗೆ ಬಂತು. ನನಗೆ ಧೈರ್ಯ ಜಾಸ್ತಿಯೇ ಇತ್ತು. ಹೊಲಿದು ತಿರುವಿ ಹಾಕಿ ನೋಡಿದರೆ ಕಾಲರಿನ ಮೂಲೆ ಹೆಬ್ಬೆರಳಿನ ತುದಿಯ ಹಾಗೆ ದುಂಡಗಿತ್ತು. ಎರಡನೆಯದೂ ಹಾಗೇ.

"ಆರು ದಿನ ಏನು ನೋಡಿದೆ?" ಅಂತ ಮಾಸ್ಟರ್ ಕೇಳಿದರು. ಬೈಯುವ ಧಾಟಿ ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದರು. ಉತ್ತರ ನನ್ನ ಹತ್ತಿರ ಇತ್ತು, ಹೇಳಲು ನಾಚಿಕೆ. ನಾನು ಆರು ದಿನವೂ ಸೂಜಿಯನ್ನು ನೋಡಿದ್ದೆ. ಮೇಲೆ ಕೆಳಗೆ, ಮೇಲೆ ಕೆಳಗೆ. ಅಲ್ಲಿ ಹೊಳೆಯುತ್ತಾ ಓಡುತ್ತಾ ಇದ್ದದ್ದು ಅದೊಂದೇ.

ಈಗ 22 ವರ್ಷದಿಂದ ನಾನೇ ಕಲಿಸುತ್ತಿದ್ದೇನೆ. ಹೊಸದಾಗಿ ಬಂದವರು ಸ್ಟೂಲಿನ ಮೇಲೆ ಕೂತಾಗ ಅವರ ಕಣ್ಣು ಎಲ್ಲಿ ಹೋಗುತ್ತದೆ ಅಂತ ನೋಡುತ್ತೇನೆ. ನೇರ ಸೂಜಿಗೇ! "ನೋಡಿ ಕಲಿ, ಮಾಡಿ ತಿಳಿ" ಅಂತ ಎಲ್ಲರೂ ಹೇಳುತ್ತಾರೆ. ನೋಡುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಹೊಲಿಗೆಯವು, ನನಗೆ ಚೆನ್ನಾಗಿ ಗೊತ್ತಿರುವುದು ಅದೊಂದೇ. ನೀವು ಈಜು ಕಲಿಯುತ್ತಿರಬಹುದು, ಗಿಟಾರ್ ಕಲಿಯುತ್ತಿರಬಹುದು, ರೋಗಿಗೆ ಸೂಜಿ ಚುಚ್ಚುವುದನ್ನು ಕಲಿಯುತ್ತಿರಬಹುದು. ಕಾಲರ್ ಅಂತ ಇರುವ ಕಡೆ ನಿಮ್ಮ ಕೆಲಸದ ಹೆಸರು ಹಾಕಿಕೊಳ್ಳಿ.

ಮೊದಲು ಒಂದು ಗೊಂಬೆಯ ಕತೆ

ಮಗಳು ಮನಶ್ಶಾಸ್ತ್ರ ಓದುತ್ತಿದ್ದಾಗ ಅವಳ ಪುಸ್ತಕ ಮನೆಯಲ್ಲಿ ಅಲ್ಲಲ್ಲಿ ಬಿದ್ದಿರುತ್ತಿತ್ತು. ಒಂದು ದಿನ ಗುಂಡಿ ಹಚ್ಚುತ್ತಾ ತೆರೆದಿದ್ದ ಪುಟ ಓದಿದೆ. ಅಲ್ಲಿ ಆಲ್ಬರ್ಟ್ ಬಂಡೂರ ಸಿಕ್ಕರು. ಕೆನಡಾದಲ್ಲಿ ಹುಟ್ಟಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರು. 2021ರಲ್ಲಿ ತೀರಿಕೊಂಡರು, ಆಗ ಅವರಿಗೆ 95 ವರ್ಷ.

ಅವರ ಹೆಸರಿನ ಜೊತೆ ಯಾವಾಗಲೂ ಬರುವುದು ಬೊಬೊ ಗೊಂಬೆ. ಗಾಳಿ ತುಂಬಿದ ದೊಡ್ಡ ಗೊಂಬೆ, ತಳದಲ್ಲಿ ಭಾರ ಇರುತ್ತದೆ. ಹೊಡೆದರೆ ಮಲಗಿ ಮತ್ತೆ ಎದ್ದು ನಿಲ್ಲುತ್ತದೆ. ಬಂಡೂರ, ಡೊರೊಥಿಯಾ ರಾಸ್, ಶೀಲಾ ರಾಸ್ ಮೂವರೂ ಸೇರಿ ಈ ಪ್ರಯೋಗವನ್ನು 1961ರಲ್ಲಿ ಪ್ರಕಟಿಸಿದರು. ಒಟ್ಟು 72 ಮಕ್ಕಳು. ಮೂರು ವರ್ಷದಿಂದ ಐದೂಮುಕ್ಕಾಲು ವರ್ಷದ ಒಳಗಿನವರು. ಅವರಲ್ಲಿ 24 ಮಕ್ಕಳ ಎದುರು ಒಬ್ಬ ದೊಡ್ಡವರು ಗೊಂಬೆಯ ಮೇಲೆ ಕೂತು ಮೂಗಿಗೆ ಗುದ್ದಿದರು, ಸುತ್ತಿಗೆಯಲ್ಲಿ ತಲೆಗೆ ಬಾರಿಸಿದರು, ಒದ್ದರು. ಇನ್ನು 24 ಮಕ್ಕಳ ಎದುರು ದೊಡ್ಡವರು ಗೊಂಬೆಯ ಕಡೆ ತಿರುಗಿಯೂ ನೋಡದೆ ತಮ್ಮ ಪಾಡಿಗೆ ಬೇರೆ ಆಟಿಕೆ ಜೋಡಿಸುತ್ತಾ ಕೂತರು. ಉಳಿದ 24 ಮಕ್ಕಳು ಯಾರನ್ನೂ ನೋಡಲಿಲ್ಲ. ಆಮೇಲೆ ಪ್ರತಿ ಮಗುವಿಗೂ ಚೆಂದದ ಆಟಿಕೆ ತೋರಿಸಿ, ಆಡಲು ಶುರು ಮಾಡುತ್ತಲೇ ಕಿತ್ತುಕೊಂಡು, ಸ್ವಲ್ಪ ಸಿಟ್ಟು ಬರಿಸಿ, ಗೊಂಬೆ ಇದ್ದ ಕೋಣೆಗೆ ಬಿಟ್ಟರು. ಹೊಡೆತ ನೋಡಿದ ಮಕ್ಕಳು ಹೊಡೆದರು. ಅದೂ ಹೇಗೆಂದರೆ ಹಾಗಲ್ಲ, ನೋಡಿದ ಹಾಗೇ. ಅದೇ ಸುತ್ತಿಗೆ, ಅದೇ ಮೂಗು, ದೊಡ್ಡವರ ಬಾಯಲ್ಲಿ ಬಂದಿದ್ದ ಅದೇ ಮಾತು.

ಯಾರೂ ಆ ಮಕ್ಕಳಿಗೆ "ಕಲಿ" ಅಂದಿರಲಿಲ್ಲ. ಬಹುಮಾನ ಇರಲಿಲ್ಲ. ಒಂದು ಸಲವೂ ಕೈಯಲ್ಲಿ ಮಾಡಿ ನೋಡಿರಲಿಲ್ಲ. ಮಾಡಿದ್ದಕ್ಕೆ ಸಿಹಿಯೋ ಪೆಟ್ಟೋ ಸಿಕ್ಕಾಗ ಮಾತ್ರ ಕಲಿಕೆ ಆಗುತ್ತದೆ ಅಂತ ಗಟ್ಟಿಯಾಗಿ ನಂಬಿದ್ದ ಕಾಲ ಅದು. ಹಾಗಾಗಿ ಇದು ದೊಡ್ಡ ಸುದ್ದಿಯಾಯಿತು. ಹೊಲಿಗೆ ಕೋಣೆಯಲ್ಲಿ ಬೆಳೆದ ನನಗೆ "ಇದರಲ್ಲಿ ಹೊಸದೇನಿದೆ" ಅನಿಸಿತ್ತು, ನಿಜ ಹೇಳುತ್ತೇನೆ. ಮುಂದಿನ ಪುಟ ಓದಿದ ಮೇಲೆ ಸುಮ್ಮನಾದೆ. ನೋಡಿ ಕಲಿಯಲು ನಾಲ್ಕು ಕೆಲಸ ಆಗಬೇಕು ಅಂತ ಬಂಡೂರ ಬಿಡಿಸಿ ಹೇಳುತ್ತಾರೆ. ಕಣ್ಣು ಸರಿಯಾದ ಜಾಗದಲ್ಲಿ ಇರಬೇಕು. ಕಂಡದ್ದು ತಲೆಯಲ್ಲಿ ಉಳಿಯಬೇಕು. ಕೈಗೆ ಅದನ್ನು ಮಾಡಲು ಬರಬೇಕು. ಮಾಡುವ ಮನಸ್ಸೂ ಇರಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಕೆಲಸ ಹೊರಗೆ ಬರುವುದಿಲ್ಲ. ನನ್ನ ದುಂಡು ಕಾಲರ್ ಮೊದಲನೆಯದರಲ್ಲೇ ಬಿದ್ದಿತ್ತು ಅಂತ ಅವತ್ತು ಹೊಳೆಯಿತು, ಹದಿನೈದು ವರ್ಷ ತಡವಾಗಿ.

ಕಣ್ಣು ಎಲ್ಲಿಡಬೇಕು

ಇದನ್ನೇ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಬಹಳಷ್ಟು ಮಂದಿ ಎಡವುವುದು ಇಲ್ಲೇ.

ಕಣ್ಣು ಓಡುವುದರ ಹಿಂದೆ ಓಡುತ್ತದೆ. ಕೆಲಸ ಇರುವುದು ಹೆಚ್ಚಾಗಿ ನಿಧಾನವಾಗುವ ಜಾಗದಲ್ಲಿ. ಮೆಷಿನ್ ಟಕಟಕ ಅಂತ ಒಂದೇ ಸಮ ಓಡುವಾಗ ಮಾಸ್ಟರ್ ಏನೂ ವಿಶೇಷ ಮಾಡುತ್ತಿರಲಿಲ್ಲ. ಆ ನೇರ ಹೊಲಿಗೆ ನನಗೂ ಬರುತ್ತಿತ್ತು. ಮೂಲೆ ಹತ್ತಿರ ಬಂದಾಗ ಸದ್ದು ನಿಲ್ಲುತ್ತಿತ್ತು, ಕಣ್ಣು ಮಿಟುಕಿಸುವಷ್ಟು ಹೊತ್ತು. ಮತ್ತೆ ಟಕಟಕ. ಆ ನಿಂತ ಹೊತ್ತಿನಲ್ಲೇ ಮೂಲೆ ತಯಾರಾಗುತ್ತಿತ್ತು. ನಾನು ಆ ಹೊತ್ತಿನಲ್ಲಿ ಉಸಿರು ಬಿಟ್ಟು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ!

ಹಾಗಾಗಿ ಮೊದಲ ಸಲ ನೋಡುವಾಗ ಏನನ್ನೂ ಕಲಿಯಲು ಹೋಗಬೇಡಿ. ಸದ್ದು ಕೇಳಿ. ಎಲ್ಲಿ ವೇಗ ಇಳಿಯಿತು, ಎಲ್ಲಿ ಮಾತು ನಿಂತಿತು, ಎಲ್ಲಿ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು, ಅದನ್ನಷ್ಟೇ ಗುರುತು ಹಾಕಿಕೊಳ್ಳಿ. ಗಿಟಾರ್ ನುಡಿಸುವವರಾದರೆ ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಬೆರಳು ಹಾರುವ ಮುಂಚಿನ ಗಳಿಗೆ. ಈಜುವವರಾದರೆ ಉಸಿರು ತೆಗೆದುಕೊಳ್ಳಲು ತಲೆ ಹೊರಳಿಸುವ ಗಳಿಗೆ.

ಎರಡನೆಯದು, ಒಂದು ಸಲಕ್ಕೆ ಒಂದೇ ಅಂಗ. ಇದನ್ನು ಮಾಸ್ಟರ್ ಹೇಳಿಕೊಟ್ಟರು. ನನ್ನ ಎರಡನೇ ದುಂಡು ಕಾಲರ್ ನೋಡಿ, "ಬಾ, ಈ ಸಲ ನನ್ನ ಬಲಗೈ ಬಿಟ್ಟು ಬೇರೆ ಏನೂ ನೋಡಬೇಡ" ಅಂದರು. ಮುಂದಿನ ಕಾಲರಿಗೆ ಎಡಗೈ ಮಾತ್ರ. ಅದರ ಮುಂದಿನದಕ್ಕೆ ಪಾದ ಮಾತ್ರ. ಮೂರೇ ಕಾಲರ್. ಆರು ದಿನದಲ್ಲಿ ಕಾಣದ್ದು ಅರ್ಧ ಗಂಟೆಯಲ್ಲಿ ಕಂಡಿತು.

ಏನು ಕಂಡಿತು ಅಂತ ಹೇಳುತ್ತೇನೆ. ಮೂಲೆಗೆ ಒಂದು ಹೊಲಿಗೆ ಬಾಕಿ ಇರುವಾಗ ಪಾದ ಪೆಡಲಿನ ಮೇಲೆ ನಿಂತುಬಿಡುತ್ತದೆ. ಬಲಗೈ ಬಟ್ಟೆ ಬಿಟ್ಟು ಮೆಷಿನ್ನಿನ ಚಕ್ರಕ್ಕೆ ಹೋಗುತ್ತದೆ, ಚಕ್ರವನ್ನು ತನ್ನ ಕಡೆಗೆ ಚೂರೇ ಚೂರು ತಿರುಗಿಸಿ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿ ನಿಲ್ಲಿಸುತ್ತದೆ. ಆಮೇಲೆ ಬಟ್ಟೆ ಒತ್ತಿ ಹಿಡಿದಿರುವ ಫುಟ್ ಮೇಲೇಳುತ್ತದೆ. ಎಡಗೈ ಬಟ್ಟೆಯನ್ನು ಪೂರ್ತಿ ತಿರುಗಿಸುವುದಿಲ್ಲ, ಅರ್ಧ ಮಾತ್ರ. ಫುಟ್ ಕೆಳಗೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ ಮೂಲೆಗೆ ಅಡ್ಡಲಾಗಿ ಒಂದೇ ಒಂದು ಹೊಲಿಗೆ. ಮತ್ತೆ ಫುಟ್ ಮೇಲೆ, ಎಡಗೈ ಇನ್ನರ್ಧ ತಿರುಗಿಸುತ್ತದೆ, ಫುಟ್ ಕೆಳಗೆ. ಆಮೇಲೆ ಪಾದ ಪೆಡಲನ್ನು ಒತ್ತುತ್ತದೆ. ಆ ಅಡ್ಡ ಹೊಲಿಗೆಯೇ ಗುಟ್ಟು. ಕಾಲರ್ ತಿರುವಿದಾಗ ಒಳಗಿನ ಬಟ್ಟೆ ಮಡಚಿ ಕೂರಲು ಅದು ಜಾಗ ಮಾಡಿಕೊಡುತ್ತದೆ, ಮೂಲೆ ಚೂಪಾಗುತ್ತದೆ. ನಾನು ಸೂಜಿಯನ್ನೇ ನೋಡುತ್ತಿದ್ದೆ ನಿಜ, ಆದರೆ ಆ ಒಂದು ಹೊಲಿಗೆಯನ್ನು ಪಾದ ಹಾಕಲಿಲ್ಲ, ಕೈ ಹಾಕಿತು ಅಂತ ಸೂಜಿ ನೋಡಿದರೆ ಹೇಗೆ ಗೊತ್ತಾಗಬೇಕು?

ಮೂರನೆಯದು ಕೂರುವ ಜಾಗ. ಎದುರಿಗೆ ಕೂರಬೇಡಿ. ಎದುರಿಗೆ ಕೂತರೆ ಅವರ ಬಲ ನಿಮಗೆ ಎಡ, ತಲೆಯೊಳಗೆ ಎಲ್ಲವನ್ನೂ ತಿರುಗಿಸಿಕೊಳ್ಳುವುದರಲ್ಲೇ ಅರ್ಧ ಗಮನ ಖರ್ಚಾಗುತ್ತದೆ. ಅವರ ಹೆಗಲ ಹಿಂದೆ ನಿಲ್ಲಿ, ಇಲ್ಲವೇ ಪಕ್ಕದಲ್ಲಿ ಅದೇ ದಿಕ್ಕಿಗೆ ಮುಖ ಮಾಡಿ ಕೂರಿ. ವಿಡಿಯೋ ಆಯ್ದುಕೊಳ್ಳುವಾಗಲೂ ಅಷ್ಟೇ. ಮುಖ ತೋರಿಸಿ ನಗುತ್ತಾ ಮಾತಾಡುವ ವಿಡಿಯೋಗಿಂತ ಮಾಡುವವರ ಕಣ್ಣಿನ ಕಡೆಯಿಂದ ಕೈ ತೋರಿಸುವ ವಿಡಿಯೋ ಎಷ್ಟೋ ಮೇಲು.

ಇನ್ನೊಂದು ಮಾತು. ನುರಿತವರನ್ನು "ಇದು ಹೇಗೆ ಮಾಡ್ತೀರಿ?" ಅಂತ ಕೇಳಿದರೆ "ಅದು ಹಾಗೇ ಬರುತ್ತೆ" ಅನ್ನುತ್ತಾರೆ. ಗುಟ್ಟು ಮುಚ್ಚಿಡುತ್ತಿಲ್ಲ ಪಾಪ, ಅವರ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. "ಈಗ ಯಾಕೆ ನಿಲ್ಲಿಸಿದ್ರಿ?" ಅಂತ ಕೇಳಿ ನೋಡಿ. ಯಾವ ಗಳಿಗೆ ಅಂತ ಬೆರಳಿಟ್ಟು ತೋರಿಸಿದರೆ ಅವರಿಗೂ ಹೇಳಲು ಏನಾದರೂ ಸಿಗುತ್ತದೆ.

ತಲೆಯಲ್ಲಿ ಉಳಿಸಿಕೊಳ್ಳಲು ಒಂದು ಪದ್ಯ

ಕಂಡದ್ದು ಮನಸ್ಸಿನಲ್ಲಿ ಎರಡು ಬಗೆಯಲ್ಲಿ ಉಳಿಯುತ್ತದೆ ಅಂತ ಬಂಡೂರ ಹೇಳಿದ್ದರು, ಚಿತ್ರವಾಗಿ ಮತ್ತು ಮಾತಾಗಿ. ಚಿತ್ರ ಬೇಗ ಮಸುಕಾಗುತ್ತದೆ, ಮಾತು ಸ್ವಲ್ಪ ಗಟ್ಟಿ. ಇದು ನನ್ನ ಅನುಭವ. ಕಾಲರ್ ಮೂಲೆಗೆ ನಾನು ಕಟ್ಟಿಕೊಂಡ ಮಾತು ಇದು: "ಸೂಜಿ ಕೆಳಗೆ, ಫುಟ್ ಮೇಲೆ, ಅರ್ಧ ತಿರುಗು, ಒಂದೇ ಹೊಲಿಗೆ, ಮತ್ತೆ ತಿರುಗು, ಓಡು." ಗೊಣಗಿಕೊಂಡೇ ಹೊಲಿಯುತ್ತಿದ್ದೆ. ಈಗ ನಮ್ಮಲ್ಲಿ ಕಲಿಯುವ ಮಕ್ಕಳು ಅದಕ್ಕೆ ರಾಗ ಬೇರೆ ಹಾಕಿಕೊಂಡಿದ್ದಾರೆ.

ನಿಮ್ಮ ಮಾತು ನೀವೇ ಕಟ್ಟಿಕೊಳ್ಳಿ, ನನ್ನದು ನಿಮಗೆ ಅಂಟುವುದಿಲ್ಲ. ಆರೇಳು ಹೆಜ್ಜೆಗಿಂತ ಜಾಸ್ತಿ ಆದರೆ ಕೆಲಸವನ್ನೇ ಎರಡು ತುಂಡು ಮಾಡಿ. ನೋಡುವಾಗ ಬರೆಯಲು ಹೋಗಬೇಡಿ. ಕಣ್ಣು ಕಾಗದಕ್ಕೆ ಇಳಿದ ಗಳಿಗೆಯಲ್ಲೇ ಮುಖ್ಯವಾದದ್ದು ನಡೆದುಹೋಗಿರುತ್ತದೆ, ಬೇಕಾದರೆ ಪರೀಕ್ಷೆ ಮಾಡಿ. ನೋಡಿ ಮುಗಿದ ಮೇಲೆ ಎದ್ದು ಹೋಗಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈ ಆಡಿಸುತ್ತಾ ಒಂದು ಸಲ ಪೂರ್ತಿ ಹೇಳಿಕೊಳ್ಳಿ. ಎಲ್ಲಿ ತಡವರಿಸುತ್ತೀರೋ ಅದನ್ನು ನೀವು ನೋಡಿಲ್ಲ. ವಾಪಸ್ ಬಂದು ಅದೊಂದನ್ನೇ ನೋಡಿ.

ಕಣ್ಣಿಗೆ ಬಂದದ್ದು ಕೈಗೆ ಬಂದಿಲ್ಲ

ಆ ಏಳನೇ ದಿನದ ನನ್ನ ಧೈರ್ಯ ನೆನಪಿದೆಯಲ್ಲ? ಅದಕ್ಕೂ ಒಂದು ಪ್ರಯೋಗ ಇದೆ. ಮೈಕೆಲ್ ಕಾರ್ಡಸ್, ಎಡ್ ಒಬ್ರಿಯನ್ ಎಂಬ ಇಬ್ಬರು ಸಂಶೋಧಕರು 2018ರಲ್ಲಿ ಪ್ರಕಟಿಸಿದ್ದು. ಬೋರ್ಡಿಗೆ ಡಾರ್ಟ್ ಎಸೆಯುವುದು, ಮುಂದಕ್ಕೆ ನಡೆದ ಹಾಗೆ ಕಾಣುತ್ತಾ ಹಿಂದಕ್ಕೆ ಜಾರುವ ಮೂನ್‌ವಾಕ್ ನೃತ್ಯ, ಇಂಥವುಗಳ ವಿಡಿಯೋವನ್ನು ಕೆಲವರಿಗೆ ಒಂದೇ ಸಲ, ಕೆಲವರಿಗೆ 20 ಸಲ ತೋರಿಸಿದರು. ಹೆಚ್ಚು ಸಲ ನೋಡಿದವರಿಗೆ "ನನಗೆ ಬರುತ್ತದೆ" ಎಂಬ ನಂಬಿಕೆ ಹೆಚ್ಚಿತ್ತು. ಮಾಡಿಸಿ ನೋಡಿದರೆ ಒಂದು ಸಲ ನೋಡಿದವರಿಗಿಂತ ಅವರು ಏನೂ ಮೇಲಿರಲಿಲ್ಲ.

ಸುಮ್ನೆ ನೋಡುತ್ತಾ ಹೋದರೆ ಬೆಳೆಯುವುದು ಧೈರ್ಯ ಮಾತ್ರ. ರಾತ್ರಿಯೆಲ್ಲ ವಿಡಿಯೋ ನೋಡಿ ಬೆಳಿಗ್ಗೆ ಬಂದು ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವವರನ್ನು ನಾನು ವರ್ಷಕ್ಕೆ ನಾಲ್ಕೈದು ಮಂದಿಯಾದರೂ ನೋಡುತ್ತೇನೆ. ಅವರ ಮೇಲೆ ಕೋಪ ಬರುವುದಿಲ್ಲ. ನಾನೂ ಹಾಗೇ ಇದ್ದವಳು.

ನಮ್ಮಲ್ಲಿ ಒಂದು ನಿಯಮ ಇದೆ. ಎರಡು ಸಲ ನೋಡಿ, ಒಂದು ಸಲ ಮಾಡಿ, ಮತ್ತೆ ನೋಡಿ. ಮೂರನೇ ಸಲ ನೋಡುವ ಮುಂಚೆ ಕೈ ಕೊಳೆಯಾಗಿರಲೇಬೇಕು. ಕೆಟ್ಟು ಹೋದ ಒಂದು ಕಾಲರ್ ಕೈಯಲ್ಲಿ ಹಿಡಿದು ನೋಡುವ ನೋಟವೇ ಬೇರೆ. ಆಗ ನಿಮ್ಮ ಹತ್ತಿರ ಪ್ರಶ್ನೆ ಇರುತ್ತದೆ, ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತದೆ.

ಮೊದಲ ಪ್ರಯತ್ನಕ್ಕೆ ಪೂರ್ತಿ ಕೆಲಸ ಬೇಡ. ಹೊಸಬರಿಗೆ ನಾವು ದಾರ ಹಾಕದ ಮೆಷಿನ್ ಕೊಡುತ್ತೇವೆ, ಬಟ್ಟೆ ಬದಲು ಗೆರೆ ಇರುವ ನೋಟ್‌ಬುಕ್ ಹಾಳೆ. ಸೂಜಿ ಗೆರೆಯ ಮೇಲೇ ತೂತು ಮಾಡುತ್ತಾ ಹೋಗಬೇಕು. ದಾರ ತುಂಡಾಗುವ ಭಯ ಇಲ್ಲ, ಬಾಬಿನ್ ಸಿಕ್ಕಿಕೊಳ್ಳುವ ರಗಳೆ ಇಲ್ಲ, ಬಟ್ಟೆ ಹಾಳಾಗುವ ಸಂಕಟ ಇಲ್ಲ. ಕಾಲು ಮತ್ತು ಕೈ ಒಂದಕ್ಕೊಂದು ಹೊಂದಿಕೊಳ್ಳುವುದಷ್ಟೇ ಆವತ್ತಿನ ಕೆಲಸ. ಹಾಳೆಯನ್ನು ಬೆಳಕಿಗೆ ಹಿಡಿದರೆ ತೂತುಗಳ ಸಾಲು ಎಲ್ಲಿ ಸೊಟ್ಟಗಾಯಿತು ಅಂತ ಅವರಿಗೇ ಕಾಣುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ. ನಿಮ್ಮ ಕೆಲಸದಲ್ಲೂ ಇಂಥ ಒಂದು "ದಾರ ಇಲ್ಲದ ಹೊಲಿಗೆ" ಇರುತ್ತದೆ, ಹುಡುಕಿ.

ಕೈ ಸ್ವಲ್ಪ ಪಳಗಿದ ಮೇಲೆ ಫೋನನ್ನು ಹೆಗಲ ಹತ್ತಿರ ನಿಲ್ಲಿಸಿ ನಿಮ್ಮ ಕೈಯ ವಿಡಿಯೋ ತೆಗೆದುಕೊಳ್ಳಿ. ಮಾಡುವಾಗ ನಮ್ಮನ್ನು ನಾವೇ ನೋಡಿಕೊಳ್ಳಲು ಆಗುವುದಿಲ್ಲ. ಕಲಿಸುವವರದೂ ನಿಮ್ಮದೂ ಒಂದೇ ಕೋನದ ವಿಡಿಯೋ ಇದ್ದರೆ ಒಂದರ ಪಕ್ಕ ಒಂದು ಇಟ್ಟು ನೋಡಬಹುದು. ಮೊದಲ ಸಲ ನೋಡಿದಾಗ ಮುಜುಗರ ಆಗುತ್ತದೆ. ಎಲ್ಲರಿಗೂ ಆಗುತ್ತದೆ.

ಯಾರನ್ನು ನೋಡಬೇಕು

ಎಲ್ಲರೂ ಅತಿ ನುರಿತವರನ್ನು ಹುಡುಕಿಕೊಂಡು ಹೋಗುತ್ತಾರೆ. ನಾನು ಹೇಳುವುದು, ನಿಮಗಿಂತ ಆರು ತಿಂಗಳು ಮುಂದಿರುವವರನ್ನು ಹುಡುಕಿ.

ನಾಯಿ ಕಂಡರೆ ಹೆದರುವ ಪುಟ್ಟ ಮಕ್ಕಳ ಮೇಲೆ ಬಂಡೂರ ಮತ್ತು ಜೊತೆಯವರು 1967ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ಆ ಮಕ್ಕಳ ಓರಗೆಯ, ಹೆದರದ ಒಂದು ಮಗು ನಾಯಿಯ ಜೊತೆ ಆಡುವುದನ್ನು ಅವರಿಗೆ ತೋರಿಸಿದರು. ಒಂದೇ ಸಲಕ್ಕೆ ಅಪ್ಪಿಕೊಳ್ಳಲಿಲ್ಲ, ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಹತ್ತಿರ. ನೋಡಿದ ಮಕ್ಕಳ ಹೆದರಿಕೆ ಚೆನ್ನಾಗಿಯೇ ಇಳಿಯಿತು. ಡೇಲ್ ಶಂಕ್ ಮತ್ತು ಆಂಟ್ವನೆಟ್ ಹ್ಯಾನ್ಸನ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಕಳೆಯುವ ಲೆಕ್ಕದಲ್ಲಿ ಹಿಂದಿದ್ದ ಮಕ್ಕಳನ್ನು ತೆಗೆದುಕೊಂಡರು. ಕೆಲವರು ಟೀಚರ್ ಲೆಕ್ಕ ಮಾಡುವುದನ್ನು ನೋಡಿದರು, ಕೆಲವರು ತಮ್ಮ ವಯಸ್ಸಿನ ಮಗು ಮಾಡುವುದನ್ನು. ಓರಗೆಯವರನ್ನು ನೋಡಿದವರಿಗೇ ನಂಬಿಕೆಯೂ ಜಾಸ್ತಿ ಬಂತು, ಲೆಕ್ಕವೂ ಚೆನ್ನಾಗಿ ಬಂತು. ಟೀಚರಿಗೆ ಬಂದರೆ ಅದೇನು ಆಶ್ಚರ್ಯ, ಅವರು ಟೀಚರ್. ನನ್ನಂಥವಳಿಗೆ ಬಂತು ಅಂದರೆ ನನಗೂ ಬರಬಹುದು, ಅಲ್ವಾ?

ಕೈ ಕೆಲಸದಲ್ಲಿ ಇನ್ನೂ ಒಂದು ಲಾಭ ಇದೆ. ಆರು ತಿಂಗಳು ಮುಂದಿರುವವಳು ಇನ್ನೂ ತಪ್ಪು ಮಾಡುತ್ತಾಳೆ, ತಪ್ಪನ್ನು ಬಿಚ್ಚಿ ಸರಿ ಮಾಡುತ್ತಾಳೆ. ನುರಿತವರ ಕೈಯಲ್ಲಿ ತಪ್ಪೇ ಆಗುವುದಿಲ್ಲ. ಹಾಗಾದರೆ ಹೊಲಿಗೆ ಬಿಚ್ಚುವುದನ್ನು, ಬಟ್ಟೆ ಹರಿಯದ ಹಾಗೆ ಬಿಚ್ಚುವುದನ್ನು ನೀವು ಯಾರನ್ನು ನೋಡಿ ಕಲಿಯುತ್ತೀರಿ? ನಾನು ಕಲಿತದ್ದು ನನ್ನ ಪಕ್ಕದ ಮೆಷಿನ್ನಿನ ಅಕ್ಕನನ್ನು ನೋಡಿ. ಅವರು ದಿನಕ್ಕೆ ಒಂದಾದರೂ ತೋಳು ತಿರುವುಮುರುವು ಹೊಲಿಯುತ್ತಿದ್ದರು. ಬೈದುಕೊಳ್ಳದೆ, ಅವಸರ ಮಾಡದೆ, ನಾಲ್ಕು ಹೊಲಿಗೆಗೆ ಒಂದರಂತೆ ಕಡಿದು, ಆಮೇಲೆ ಹಿಂಬದಿಯಿಂದ ಒಂದೇ ಎಳೆತಕ್ಕೆ ದಾರ ತೆಗೆಯುತ್ತಿದ್ದರು. ಹೊಲಿಗೆಗಿಂತ ದೊಡ್ಡ ಪಾಠ ಅದು.

ಶುರು ಎಲ್ಲಿಂದ ಅನ್ನುವುದೂ ಇದರ ಜೊತೆಗೇ ಬರುತ್ತದೆ. ಮೊದಲ ಮೂರು ತಿಂಗಳು ಮಾಸ್ಟರ್ ನನಗೆ ಗುಂಡಿ ಹಚ್ಚುವುದು, ಅಂಚು ಮಡಚಿ ಹೆಮ್ಮಿಂಗ್ ಮಾಡುವುದು, ಇಸ್ತ್ರಿ ಹಾಕುವುದು ಬಿಟ್ಟು ಬೇರೇನೂ ಕೊಡಲಿಲ್ಲ. ಬಿಟ್ಟಿ ದುಡಿಸಿಕೊಳ್ಳುತ್ತಿದ್ದಾರೆ ಅಂತ ಒಳಗೊಳಗೇ ಕುದಿಯುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆಯ ಬಗ್ಗೆ ಓದಿದೆ. ಅವರು 1970ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಜೊತೆ ಇದ್ದು, ಹುಡುಗರು ಕೆಲಸ ಕಲಿಯುವುದನ್ನು ಗಮನಿಸಿದವರು. ಅಲ್ಲಿಯೂ ಹೀಗೇ! ಬಟ್ಟೆ ತಯಾರಾಗುವಾಗ ಮೊದಲು ಕತ್ತರಿಸುವುದು, ಆಮೇಲೆ ಹೊಲಿಯುವುದು, ಕೊನೆಗೆ ಗುಂಡಿ. ಕಲಿಯುವಾಗ ತಲೆಕೆಳಗು. ಮೊದಲು ಗುಂಡಿ, ಆಮೇಲೆ ಹೊಲಿಗೆ, ಕೊನೆಗೆ ಕತ್ತರಿ. ಮುಗಿದ ಅಂಗಿಯನ್ನು ನೂರು ಸಲ ಕೈಯಲ್ಲಿ ಹಿಡಿದವರಿಗೆ ಅದರ ತುಂಡುಗಳು ಎಲ್ಲಿ ಕೂಡುತ್ತವೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕತ್ತರಿಯಲ್ಲಿ ತಪ್ಪಿದರೆ ಬಟ್ಟೆಯೇ ಹೋಯಿತು, ಗುಂಡಿಯಲ್ಲಿ ತಪ್ಪಿದರೆ ಒಂದು ಗೇಣು ದಾರ. ನಿಮಗೂ ಯಾರಾದರೂ ಕೊನೆಯ ಸಣ್ಣ ಕೆಲಸ ಕೊಟ್ಟರೆ ಬೇಡ ಅನ್ನಬೇಡಿ. ಆದರೆ ಒಂದು ವರ್ಷವಾದರೂ ಅದೇ ಕೊಡುತ್ತಿದ್ದರೆ ಬಿಟ್ಟಿ ದುಡಿಸಿಕೊಳ್ಳುತ್ತಿದ್ದಾರೆ ಅಂತಲೇ ಅರ್ಥ.

ನೋಡಿದ್ದನ್ನೆಲ್ಲ ಮಾಡಬೇಡಿ

ಮಾಸ್ಟರ್ ಹೊಲಿಯುವಾಗ ತಲೆಯನ್ನು ಬಲಕ್ಕೆ ವಾಲಿಸುತ್ತಿದ್ದರು. ಆ ಭಂಗಿಯಲ್ಲಿ ಏನೋ ಒಂದು ಗತ್ತು ಇತ್ತು. ನಾನೂ ವಾಲಿಸಿದೆ. ಯಾರೂ ಹೇಳಿರಲಿಲ್ಲ, ನಾನೂ ಅಂದುಕೊಂಡು ಮಾಡಿದ್ದಲ್ಲ. ಎರಡು ವರ್ಷ ಕತ್ತು ನೋವು ತಿಂದೆ. ಕೊನೆಗೆ ಫಿಸಿಯೋಥೆರಪಿ ಮಾಡುವವರೊಬ್ಬರು "ಯಾಕೆ ಹೀಗೆ ಕೂರ್ತೀರಿ?" ಅಂತ ಕೇಳಿದರು. ಅದನ್ನೇ ಹೋಗಿ ಮಾಸ್ಟರಿಗೆ ಕೇಳಿದೆ. ಅವರು ನಕ್ಕುಬಿಟ್ಟರು. "ನಂಗೆ ಬಲಗಣ್ಣು ಮಂದ ಕಣಮ್ಮಾ. ಎಡಗಣ್ಣು ಸೂಜಿ ನೇರಕ್ಕೆ ಬರ್ಲಿ ಅಂತ ವಾಲಿಸ್ತೀನಿ. ನಿಂಗೇನು ಬಂತು?" ಅಷ್ಟು ಹೊತ್ತಿಗೆ ನನ್ನ ಪಕ್ಕ ಕೂತು ಕಲಿಯುತ್ತಿದ್ದ ಇಬ್ಬರು ಹುಡುಗಿಯರೂ ತಲೆ ವಾಲಿಸಿಕೊಂಡೇ ಹೊಲಿಯುತ್ತಿದ್ದರು. ಮೂರು ತಲೆ, ಒಂದು ಮಂದ ಕಣ್ಣು.

ಮನುಷ್ಯರ ಜಾಯಮಾನವೇ ಇದು. ವಿಕ್ಟೋರಿಯಾ ಹಾರ್ನರ್, ಆಂಡ್ರ್ಯೂ ವೈಟನ್ ಎಂಬವರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಪೆಟ್ಟಿಗೆ ಇತ್ತು, ಒಳಗೆ ಬಹುಮಾನ. ಕೋಲನ್ನು ಮೊದಲು ಮೇಲಿನ ತೂತಿಗೆ ಹಾಕಿ ಕುಟ್ಟಿ, ಆಮೇಲೆ ಮುಂದಿನ ತೂತಿನಿಂದ ಬಹುಮಾನ ತೆಗೆಯುವುದನ್ನು ತೋರಿಸಿದರು. ಮೇಲಿನ ಕುಟ್ಟುವಿಕೆಗೆ ಅರ್ಥವೇ ಇಲ್ಲ. ಪೆಟ್ಟಿಗೆ ಗಾಜಿನ ಹಾಗೆ ಒಳಗೆಲ್ಲ ಕಾಣುವಂತಿದ್ದಾಗ ಚಿಂಪಾಂಜಿಗಳು ಅದನ್ನು ಬಿಟ್ಟು ನೇರ ಬಹುಮಾನ ತೆಗೆದವು. ಮೂರು ನಾಲ್ಕು ವರ್ಷದ ಮಕ್ಕಳು ಕಾಣುತ್ತಿದ್ದರೂ ಕುಟ್ಟಿಯೇ ತೆಗೆದರು. ತಲೆ ಓಡಿಸದೆ ಅನುಕರಣೆ ಮಾಡುವುದಕ್ಕೆ ನಾವು ಮಂಗನ ಹೆಸರು ಇಟ್ಟಿದ್ದೇವೆ, ಪಾಪ.

ಬೇಕಾದ್ದು ಯಾವುದು, ಬರೀ ಅಭ್ಯಾಸ ಯಾವುದು ಅಂತ ಬೇರೆ ಮಾಡಲು ಒಂದು ಸುಲಭದ ದಾರಿ ಇದೆ. ಅದೇ ಕೆಲಸವನ್ನು ಇಬ್ಬರು ನುರಿತವರು ಮಾಡುವುದನ್ನು ನೋಡಿ. ಇಬ್ಬರಲ್ಲೂ ಇರುವುದು ಕೆಲಸ. ಒಬ್ಬರಲ್ಲಿ ಮಾತ್ರ ಇರುವುದರ ಬಗ್ಗೆ "ಇದನ್ನು ಬಿಟ್ಟರೆ ಏನಾಗುತ್ತೆ?" ಅಂತ ಕೇಳಿ. ಸೂಜಿ ಕೆಳಗಿಳಿಸಿ ತಿರುಗಿಸುವುದನ್ನು ನಾನು ನೋಡಿದ ಎಲ್ಲ ಒಳ್ಳೆಯ ದರ್ಜಿಗಳೂ ಮಾಡುತ್ತಾರೆ. ತಲೆ ವಾಲಿಸುವವರು ಒಬ್ಬರೇ ಇದ್ದರು. ಶುರುವಿನ ವಾರಗಳಲ್ಲಿ ಮಾತ್ರ ಎಲ್ಲವನ್ನೂ ಹಾಗೆ ಹಾಗೇ ಮಾಡಿ, ಯಾವುದು ಬೇಕು ಅಂತ ನಿಮಗಿನ್ನೂ ಗೊತ್ತಿರುವುದಿಲ್ಲ. ಕೈ ಬಂದ ಮೇಲೆ ಜರಡಿ ಹಿಡಿಯಿರಿ.

ಗೊತ್ತಿದ್ದೂ ಮಾಡದವರು

ಒಬ್ಬ ಹುಡುಗ ನಮ್ಮಲ್ಲಿ ಕಲಿಯುತ್ತಿದ್ದ. ಸೇರಿದ ತಿಂಗಳಲ್ಲೇ, ಇನ್ನೊಬ್ಬನು ಒಳ್ಳೆಯ ಬಟ್ಟೆಯನ್ನು ಅಳತೆ ತಪ್ಪಿ ಕತ್ತರಿಸಿ ಎಲ್ಲರ ಎದುರು ಬೈಸಿಕೊಂಡದ್ದನ್ನು ನೋಡಿದ. ಬೈದವಳು ನಾನೇ. ಆಮೇಲೆ ಏಳೆಂಟು ತಿಂಗಳು ಈ ಹುಡುಗ ಕತ್ತರಿ ಮುಟ್ಟಲಿಲ್ಲ. "ಬರಲ್ಲ ಅಕ್ಕಾ" ಅನ್ನುತ್ತಿದ್ದ. ದಡ್ಡ ಅಂತಲೇ ಅಂದುಕೊಂಡಿದ್ದೆ. ಒಂದು ದಿನ ನಾನಿಲ್ಲದಾಗ ಅವಸರದ ಕೆಲಸ ಬಂತು, ಬೇರೆ ಯಾರೂ ಇರಲಿಲ್ಲ. ವಾಪಸ್ ಬಂದು ನೋಡಿದರೆ ಮೇಜಿನ ಮೇಲೆ ಅಂಗಿಯ ಎಲ್ಲ ತುಂಡೂ ಕತ್ತರಿಸಿ ಇಟ್ಟಿತ್ತು. ಚಾಕ್ ಗೆರೆಯ ಮೇಲೇ, ಒಂದು ಎಳೆ ಆಚೆ ಈಚೆ ಇಲ್ಲ. ಅಷ್ಟು ತಿಂಗಳಿಂದಲೂ ಅವನಿಗೆ ಬರುತ್ತಿತ್ತು.

ಬಂಡೂರ 1965ರಲ್ಲಿ ಇದನ್ನೇ ತೋರಿಸಿದ್ದರು. ಗೊಂಬೆಗೆ ಹೊಡೆಯುವ ಸಿನಿಮಾವನ್ನು 66 ಮಕ್ಕಳಿಗೆ ತೋರಿಸಿದರು, ಕೊನೆ ಮಾತ್ರ ಬೇರೆ ಬೇರೆ. ಒಂದರಲ್ಲಿ ಹೊಡೆದವನಿಗೆ ಬಹುಮಾನ, ಒಂದರಲ್ಲಿ ಶಿಕ್ಷೆ, ಒಂದರಲ್ಲಿ ಎರಡೂ ಇಲ್ಲ. ಶಿಕ್ಷೆ ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆಮೇಲೆ "ನೋಡಿದ್ದನ್ನು ಮಾಡಿ ತೋರಿಸಿದರೆ ಸ್ಟಿಕ್ಕರ್, ಜ್ಯೂಸ್ ಕೊಡುತ್ತೇವೆ" ಅಂದಾಗ ಮೂರೂ ಗುಂಪು ಒಂದೇ ಸಮ ಮಾಡಿ ತೋರಿಸಿದವು. ಕಲಿತದ್ದು ಎಲ್ಲರೂ. ಹೊರಗೆ ತೆಗೆಯುವುದು ಮಾತ್ರ, ಮಾಡಿದವರಿಗೆ ಏನಾಯಿತು ಅಂತ ನೋಡಿಕೊಂಡು.

ಹಾಗಾಗಿ ಕಲಿಯುವವರು ತಮ್ಮನ್ನೇ ಕೇಳಿಕೊಳ್ಳಬೇಕು, ನನಗೆ ಬರುವುದಿಲ್ಲವೋ, ಇಲ್ಲಾ ಬೈಸಿಕೊಂಡವರನ್ನು ನೋಡಿ ಕೈ ಹಿಂದೆ ಕಟ್ಟಿಕೊಂಡಿದ್ದೇನೋ? ಎರಡನೆಯದಾದರೆ ಇನ್ನೂ ನೂರು ಸಲ ನೋಡಿದರೂ ಉಪಯೋಗ ಇಲ್ಲ. ಯಾರೂ ಇಲ್ಲದ ಹೊತ್ತು, ಹಳೆಯ ಬಟ್ಟೆ, ಬಾಗಿಲು ಹಾಕಿಕೊಂಡು ಮಾಡಿ. ಕಲಿಸುವವರಾದರೆ ಬೈಯುವುದನ್ನು ಒಳಗೆ ಕರೆದು ಬೈಯಿರಿ. ಹೊಗಳುವುದನ್ನು ಎಲ್ಲರ ಎದುರು. ನಾನು ಆ ಹುಡುಗನಿಂದ ಕಲಿತದ್ದು.

ನಿಮ್ಮನ್ನೂ ಯಾರೋ ನೋಡುತ್ತಿರುತ್ತಾರೆ

ನಾನು ದಾರವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದೆ. ಕತ್ತರಿ ಒಂದು ಮೊಳ ದೂರದಲ್ಲೇ ಇರುತ್ತಿತ್ತು, ಆದರೂ ಹಲ್ಲು. ಬಂದವರಿಗೆಲ್ಲ ಮೊದಲ ದಿನವೇ "ಹಲ್ಲಲ್ಲಿ ದಾರ ಕಡೀಬೇಡಿ, ಬಟ್ಟೆಗೆ ಎಂಜಲು ತಾಗುತ್ತೆ, ಹಲ್ಲೂ ಹಾಳು" ಅಂತ ಹೇಳುತ್ತಿದ್ದೆ. ವಾರ ಕಳೆಯುವುದರೊಳಗೆ ಎಲ್ಲರೂ ಕಡಿಯುತ್ತಿದ್ದರು. ಗೋಡೆಗೆ ಚೀಟಿ ಅಂಟಿಸಿದೆ. ಚೀಟಿಯ ಕೆಳಗೇ ಕೂತು ಕಡಿದರು.

ಕಡೆಗೆ ದಾರ ಕತ್ತರಿಸುವ ಒಂದು ಪುಟ್ಟ ಕತ್ತರಿಗೆ ಪಟ್ಟಿ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಮೊದಲ ಎರಡು ದಿನ ಬಾಯಿಗೇ ಹೋಗುತ್ತಿತ್ತು ದಾರ, ಆಮೇಲೆ ಕೈ ತಾನಾಗಿ ಕೊರಳಿಗೆ ಹೋಗತೊಡಗಿತು. ಯಾರಿಗೂ ಏನೂ ಹೇಳಲಿಲ್ಲ. ಆ ಶನಿವಾರ ಒಬ್ಬಳು ಕೇಳಿದಳು, "ಅಕ್ಕಾ, ಆ ಪಟ್ಟಿ ಯಾವ ಬಟ್ಟೇದು? ಚೂರು ಉಳಿದಿದೆಯಾ?"